ಏಳು ನಿಮಿಷದ ಪೀಠಿಕೆ

ಇಂಗ್ಲಿಷಿನಲ್ಲಿ ಭಾಷಣ ಮಾಡುವುದನ್ನು ನಾನು ಕಲಿತದ್ದು ತಾಳಮದ್ದಳೆಯಿಂದ. ಹೀಗೆಂದರೆ ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವರು ನಗುತ್ತಾರೆ. ನಗಲಿ, ಅವರಿಗೆ ನನ್ನ ಸೋದರಮಾವ ಗೊತ್ತಿಲ್ಲ.

ವಿಟ್ಲದ ಕಡೆಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ನಾನು ಮೇಲ್ವಿಚಾರಕಿಯಾಗಿದ್ದೆ. ತಿರುಳಿನ ಸಿಪ್ಪೆ ತೆಗೆದು ವಿಂಗಡಿಸುವ ಹೆಂಗಸರ ಸಾಲುಗಳ ನಡುವೆ ಆರು ವರ್ಷ ನಿಂತೇ ಇದ್ದೆ. ಅಷ್ಟರಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾಯಿತು. ಆ ಹುದ್ದೆಗೆ ಕುರ್ಚಿ ಇತ್ತು, ಫ್ಯಾನಿತ್ತು, ಎಲ್ಲಕ್ಕಿಂತ ಮುಖ್ಯವಾಗಿ ಇತರರನ್ನು ಬೈಯುವ ಅಧಿಕಾರವಿತ್ತು. ನನಗೆ ಅದು ಬೇಕೇ ಬೇಕಿತ್ತು.

ಮ್ಯಾನೇಜರರು ಕರೆದು ಹೇಳಿದರು: “ಹಾಲೆಂಡಿನಿಂದ ಖರೀದಿಯವರು ಬರ್ತಾರೆ. ನಮ್ಮ ಕೆಲಸದ ಬಗ್ಗೆ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ. ಸರಿಯಾದ್ರೆ ಆ ಕುರ್ಚಿ ನಿಮಗೆ. ಇಲ್ಲದಿದ್ರೆ ಮಂಗಳೂರಿನಿಂದ ಜನ ತರಿಸ್ತೇನೆ.”

ನರಿಕೊಂಬಿನ ನಮ್ಮ ಮನೆಯಲ್ಲಿ ಈ ಸುದ್ದಿಗೆ ಅತಿ ಹೆಚ್ಚು ಸಂಭ್ರಮಪಟ್ಟವರು ಮಾವ. ಬ್ಯಾಂಕಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಹವ್ಯಾಸಿ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿ ಮುಗಿಸಿದ ಮೇಲೆ ಕುಳಿತಲ್ಲೇ ಪಾತ್ರವಾಗಿ ಎದುರಿನವನೊಡನೆ ವಾದಿಸಬೇಕು. ಮಾವ ಮೂಡುಬಿದಿರೆಯಿಂದ ಚಾರ್ಮಾಡಿಯವರೆಗೆ ಕರೆದಲ್ಲೆಲ್ಲ ಹೋಗಿ ವಾದಿಸಿದ್ದಾರೆ. ಎಲ್ಲಿಯೂ ಸೋಲೊಪ್ಪಿದವರಲ್ಲ, ಕಥೆಯ ಪ್ರಕಾರ ಸೋಲಬೇಕಾದ ಪಾತ್ರ ಸಿಕ್ಕಿದಾಗಲೂ! ಈಚೆಗೆ ಎರಡು ವರ್ಷಗಳಿಂದ ಯಾರೂ ಕರೆಯುತ್ತಿರಲಿಲ್ಲ. ಯುವಕರು ಸೇರಿಕೊಂಡು ಕಾಲಮಿತಿ ಎಂಬ ಅನಿಷ್ಟವನ್ನು ತಂದಿದ್ದಾರೆ ಎಂದು ಅವರ ದೂರು. ಮಾವನ ಪೀಠಿಕೆಯೇ ಮುಕ್ಕಾಲು ಗಂಟೆ ಹಿಡಿಯುತ್ತದೆ ಎಂದು ಊರಿನವರ ದೂರು.

“ವಿಷಯಕ್ಕೆ ನೇರ ಹಾರುವವ ಮಾತುಗಾರನೇ ಅಲ್ಲ ಮಾರಾಯ್ತಿ,” ಎಂದರು ಮಾವ. “ಮೊದಲು ಪೀಠಿಕೆ. ಗೇರುಬೀಜ ಎಂದರೆ ಏನು? ಅದು ಎಲ್ಲಿಂದ ಬಂತು? ಹಣ್ಣಿನ ಹೊರಗೆ ಬೀಜ ಯಾಕೆ ನೇತಾಡ್ತದೆ? ಕೇಳುವವರ ತಲೆ ತಿರುಗಬೇಕು.”

ಅವರ ತಲೆ ತಿರುಗಿಸಲಿಕ್ಕೆ ನಾವು ಹದಿನೈದು ದಿನ ದುಡಿದೆವು. ಮಾವನ ಇಂಗ್ಲಿಷು ಬ್ಯಾಂಕಿನ ಸುತ್ತೋಲೆಗಳಿಂದ ಬಂದದ್ದು. ನನ್ನ ಪೀಠಿಕೆಯಲ್ಲಿ ಗೇರುಮರವು ‘ಮೇಲ್ಕಾಣಿಸಿದ ಮರ’ವಾಯಿತು, ಹಣ್ಣು ‘ಸದರಿ ಹಣ್ಣು’. ಬಚ್ಚಲಿನಲ್ಲೂ ಬಸ್ಸಿನಲ್ಲೂ ಬಾಯಿಪಾಠ ಮಾಡಿದೆ. ಸಂಜೆ ಮಾವ ಎದುರು ಕುಳಿತು ಹಾಲೆಂಡಿನವರಾಗುತ್ತಿದ್ದರು, ಪಂಚೆಯಲ್ಲಿಯೇ. ಅವರು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟರೆ ಸಿಟ್ಟು.

“ಉತ್ತರ ಕೊಟ್ಟೆಯೋ, ಸೋತೆ. ಪ್ರಶ್ನೆಗೆ ಪ್ರಶ್ನೆ ಹಾಕು. ತಪ್ಪು ಅಂತ ಮಾತ್ರ ಬಾಯಿ ಬಿಡಬಾರದು.”

ಆ ದಿನ ಬಂತು. ಹಾಲೆಂಡಿನಿಂದ ಬಂದವರು ಒಬ್ಬರೇ ಹೆಂಗಸು, ಕನ್ನಡಕದ ಮೇಲಿನಿಂದ ನೋಡುವವರು. ನಾನು ಎದ್ದು ನಿಂತು, ಮೇಲ್ಕಾಣಿಸಿದ ಮರವನ್ನು ಪೋರ್ಚುಗೀಸರ ಹಡಗಿನಿಂದ ಇಳಿಸಿ, ಸದರಿ ಹಣ್ಣಿನ ರಹಸ್ಯಕ್ಕೆ ಬರುವಾಗ ಗೋಡೆಯ ಗಡಿಯಾರದಲ್ಲಿ ಏಳು ನಿಮಿಷ ಕಳೆದಿತ್ತು. ನನ್ನ ಮಾತು ಕಾರ್ಖಾನೆಯ ಬಾಗಿಲಿಗೂ ಇನ್ನೂ ತಲುಪಿರಲಿಲ್ಲ. ಮ್ಯಾನೇಜರರ ಮುಖ ಹುಳ್ಳಗಾಗಿತ್ತು.

ಆಕೆ ಕೈಯೆತ್ತಿದರು. ಕಳೆದ ಸಲ ಕಳಿಸಿದ ಸರಕಿನಲ್ಲಿ ಹಲವು ಪೆಟ್ಟಿಗೆಗಳ ತಿರುಳಿಗೆ ಸಿಪ್ಪೆ ಅಂಟಿಕೊಂಡೇ ಇತ್ತು, ಯಾಕೆ ಎಂದು ಕೇಳಿದರು.

ನನ್ನ ಬಾಯಿಯಿಂದ ತಾನಾಗಿ ಬಂತು: “ವಾಟ್ ಈಸ್ ಸ್ಕಿನ್, ಮೇಡಂ?”

ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದಕ್ಕೆ ಮುಂದಿನ ಪ್ರಶ್ನೆಯೂ ನನ್ನ ಬಳಿ ತಯಾರಿತ್ತು: ನಮ್ಮಲ್ಲಿ ಅಂಟಿದ್ದೋ, ನಿಮ್ಮ ಗೋದಾಮಿನಲ್ಲಿ ಅಂಟಿದ್ದೋ? ಮಾವನಾದರೆ ಹೂಡಿಯೇ ಬಿಡುತ್ತಿದ್ದರು. ಆದರೆ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಮಳೆಗಾಲ, ಹಡಗಿನ ಅವಸರ. ತಿರುಳು ಒಣಗಿಸುವ ಬೋರ್ಮಾ ಒಲೆಯಿಂದ ಟ್ರೇಗಳನ್ನು ಹೊತ್ತಿಗೆ ಮುಂಚೆ ತೆಗೆಸಿದವಳು ನಾನೇ. ಹೇಳಿದರೆ ಕುರ್ಚಿ ಹೋಯಿತು. ಹೇಳದಿದ್ದರೆ, ಸಿಪ್ಪೆ ಬಿಡದ ತಿರುಳಿನೊಂದಿಗೆ ಗುದ್ದಾಡಿ ಉಗುರು ಕಿತ್ತುಕೊಂಡ ಹೆಂಗಸರ ಮೇಲೆ ಆ ತಪ್ಪು ಬೀಳುತ್ತಿತ್ತು. ನನಗೆ ಹೆದರಿಕೆಯಾಯಿತು, ನಾಚಿಕೆಯೂ ಆಯಿತು.

ಮೇಜಿನ ಮೇಲೆ ಒಣಗಿಸುವ ಮುಂಚಿನ, ನಂತರದ ತಿರುಳುಗಳ ಮಾದರಿಯ ತಟ್ಟೆಯಿತ್ತು. ಅದರಿಂದ ಒಂದೊಂದು ತೆಗೆದು ಆಕೆಯ ಮುಂದಿಟ್ಟೆ. ಬಾಯಿಪಾಠವೆಲ್ಲ ಎಲ್ಲಿಗೋ ಹೋಗಿತ್ತು. ಉಳಿದದ್ದು ನನ್ನದೇ ತುಂಡು ಇಂಗ್ಲಿಷು. ಇದು ಸರಿಯಾಗಿ ಒಣಗಿದ್ದು, ಉಜ್ಜಿದರೆ ಸಿಪ್ಪೆ ಬರುತ್ತದೆ. ಇದು ಒಣಗಿಲ್ಲ, ಬರುವುದಿಲ್ಲ. ಬೇಗ ತೆಗೆಸಿದ್ದು ನಾನು, ತಪ್ಪು ನನ್ನದು. ಈಗ ಪ್ರತಿ ಟ್ರೇಯಿಂದ ಹತ್ತು ತಿರುಳು ಉಜ್ಜಿ ನೋಡಿದ ಮೇಲೆಯೇ ಮುಂದೆ ಕಳಿಸುವುದು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ.

ಆಕೆ ಎರಡನ್ನೂ ಉಜ್ಜಿ ನೋಡಿದರು, ಒಣಗಿದ್ದನ್ನು ಬಾಯಿಗೆ ಹಾಕಿಕೊಂಡರು, ಒಲೆ ತೋರಿಸಿ ಎಂದರು. ಸಂಜೆ ಮ್ಯಾನೇಜರರು ಕರೆದು, “ಕುರ್ಚಿ ನಿಮಗೆ. ಆದ್ರೆ ಆ ಪೋರ್ಚುಗೀಸರನ್ನು ಇನ್ನು ಇಲ್ಲಿಗೆ ತರಬೇಡಿ ಮಾರಾಯ್ರೆ,” ಎಂದರು.

ಮನೆಗೆ ಬಂದಾಗ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕುಳಿತಿದ್ದರು.

“ಕೆಲಸ ಸಿಕ್ಕಿತು,” ಎಂದೆ.

“ಪೀಠಿಕೆ?”

“ಅದರಿಂದಲೇ ಸಿಕ್ಕಿದ್ದು ಮಾವ. ಅವರ ತಲೆ ತಿರುಗಿತು.”

ಬೆಳಿಗ್ಗೆಯಷ್ಟೇ ಸತ್ಯ ಹೇಳಿ ಗೆದ್ದವಳು ಕತ್ತಲಾಗುವ ಮೊದಲೇ ಸುಳ್ಳು ಹೇಳಿದ್ದೆ. ಮಾವ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಜೀವನವಿಡೀ ಎದುರಾಳಿಯ ಮುಖ ಓದಿದ ಮನುಷ್ಯ.

“ಎಷ್ಟು ನಿಮಿಷ ಹೋಯ್ತು ಅದಕ್ಕೆ?”

“ಏಳು.”

“ಹತ್ತರಲ್ಲಿ?”

ನಾನು ತಲೆಯಾಡಿಸಿದೆ. ಇನ್ನು ಬರುತ್ತದೆ ಅವರ ಪ್ರಶ್ನೆಗಳ ಸಾಲು ಎಂದು ಕಾದೆ. ಏಳು ಎಂದರೇನು, ಕಾಲ ಎಂದರೇನು, ಗಡಿಯಾರ ಕಟ್ಟಿದವನಾರು. ಬರಲಿ ಎಂದು ನಿಜವಾಗಿಯೂ ಆಸೆಪಟ್ಟೆ.

ಮಾವ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. “ಊರಿನವರು ನನ್ನನ್ನು ತಾಳಮದ್ದಳೆಗೆ ಸುಮ್ಮನೆ ಕರೆಯದೆ ಬಿಟ್ಟದ್ದಲ್ಲ,” ಎಂದರು. “ತಪ್ಪು ನನ್ನದೇ ಮಗಾ.”