ಬರಿಗೈಯ ತುರಿಕೆ ಸೊಪ್ಪು

ಹಿತ್ತಲಲ್ಲಿ ತುರಿಕೆ ಗಿಡ ಚಿಗುರಿತೆಂದರೆ ಇಸ್ತ್ರಿ ಅತ್ತೆಗೆ ಮನೆಯೊಳಗೆ ಕಾಲು ನಿಲ್ಲುವುದಿಲ್ಲ. ಲಾಂಡ್ರಿಯಲ್ಲಿ ಮೂವತ್ತು ವರ್ಷ ಇಸ್ತ್ರಿ ತಿಕ್ಕಿದ್ದಕ್ಕೆ ಬೀದಿಯವರು ಇಟ್ಟ ಹೆಸರು ಅದು. ಬಿಸಿಲೇರುವ ಮೊದಲೇ ಬುಟ್ಟಿ ಕಂಕುಳಲ್ಲಿ ಇರುಕಿಕೊಂಡು ಬೇಲಿ ಪಕ್ಕ ಹಾಜರು. "ಕೈಗೆ ಬಟ್ಟೆನಾದ್ರೂ ಸುತ್ಕೊಳ್ಳಿ ಅತ್ತೆ," ಎಂದು ಸೊಸೆ ಕೂಗಿದರೆ, "ಸೊಪ್ಪಿಗೆ ಹೆದರೋಳು ನೀನು. ನನ್ನ ಕಂಡ್ರೆ ಸೊಪ್ಪೇ ಹೆದರತ್ತೆ," ಎಂದು ಬರಿಗೈಯಲ್ಲೇ ಕುಡಿ ಚಿವುಟುತ್ತಾಳೆ. ಕುದಿನೀರಿಗೆ ಬಿದ್ದು ಸೊಪ್ಪಿನ ಸೊಕ್ಕೆಲ್ಲ ಇಳಿದ ಮೇಲೆ ಬೆಳ್ಳುಳ್ಳಿ ಒಗ್ಗರಣೆಯ ಘಮಕ್ಕೆ ಬೀದಿಯೇ ಬಾಗಿಲಿಗೆ ಬರುತ್ತದೆ. ಮೊದಲು ಮೂಗು ಮುರಿದ ಪಕ್ಕದ ಮನೆ ಮೇಷ್ಟ್ರು ಎರಡನೇ ಬಟ್ಟಲಿಗೆ ಕೈ ಚಾಚಿದಾಗ, "ನಾಲಿಗೆ ಇನ್ನೂ ಇದೆಯಾ ಮೇಷ್ಟ್ರೇ?" ಎಂದು ತಿವಿಯುತ್ತಾಳೆ. ಆ ಕೈಯ ಧೈರ್ಯದ ಗುಟ್ಟು ಸೊಸೆಯೊಬ್ಬಳಿಗೇ ಗೊತ್ತು. ಕಂಡವರ ಬಟ್ಟೆಯ ಸುಕ್ಕು ತೆಗೆದ ಮೂವತ್ತು ವರ್ಷ ಅತ್ತೆಯ ಬೆರಳ ತುದಿಗಳನ್ನು ಕೊಂದು ಹಾಕಿತ್ತು. ಕಳೆದ ಚಳಿಗಾಲದಲ್ಲಿ ಮಣಿಕಟ್ಟು ಕೊಯ್ದು ಒಳಗೆ ಒತ್ತಿಹೋಗಿದ್ದ ನರ ಬಿಡಿಸಿದ ಡಾಕ್ಟರು, "ಸ್ಪರ್ಶ ಬಂದ್ರೂ ಬರಬಹುದು," ಎಂದಿದ್ದರು. ಹಾಗಾಗಿ ಈ ಸಲ ಅತ್ತೆ ದಿನಾ ಗಿಡ ಮುಟ್ಟುವುದು ಸೊಪ್ಪಿಗಾಗಿ ಮಾತ್ರವಲ್ಲ. ಬೆರಳಲ್ಲಿ ಗುಳ್ಳೆಗಳು ಏಳುತ್ತಿದ್ದವು, ಉರಿ ಮಾತ್ರ ಇರಲಿಲ್ಲ. ಇವತ್ತು ಬೆಳಿಗ್ಗೆ ಬುಟ್ಟಿಯನ್ನು ಬೇಲಿ ಹತ್ತಿರವೇ ಬಿಸಾಕಿ, ಉಂಗುರದ ಬೆರಳು ಎತ್ತಿ ಹಿಡಿದುಕೊಂಡು ಅಡುಗೆಮನೆಗೆ ಓಡಿ ಬಂದಳು. "ಉರೀತಿದೆ ಕಣೇ. ಚುರುಚುರು ಉರೀತಿದೆ." ಸೊಸೆ ಎಣ್ಣೆ ಬಟ್ಟಲಿಗೆ ಕೈ ಹಾಕಿದ್ದೇ ತಡ, ಅತ್ತೆ ಗದರಿದಳು: "ಅದನ್ನ ಅಲ್ಲೇ ಇಡು. ಇನ್ನೊಂದಿಷ್ಟು ಹೊತ್ತು ಉರೀಲಿ."