ಕೊಲಂಬೊ ಮರಳಿನ ಗೆರೆ

ನಮ್ಮ ಹೊಸೂರು ಕಾಲೇಜಿನ ಕಬಡ್ಡಿ ಕೋಚ್ ಏನೇ ಹೇಳುವ ಮೊದಲು ಕೊರಳ ಸೀಟಿಯನ್ನು ಬೆನ್ನಿಗೆ ಸರಿಸಿಕೊಳ್ಳುತ್ತಿದ್ದರು. ಯಾವ ಕಷ್ಟ ಹೇಳಿಕೊಂಡರೂ "ಆಯ್ತದೆ ಬುಡೆ" ಎನ್ನುತ್ತಿದ್ದರು.

ಪಂದ್ಯಾವಳಿಗೆಂದು ಹೋಗಿದ್ದ ಕೊಲಂಬೊದಲ್ಲಿ ಊರು ನೋಡಲು ಬಿಟ್ಟ ದಿನ ತಂಡದವರೆಲ್ಲ ಕಡಲಿಗಿಳಿದರು. ನಾನು ದಡದಲ್ಲೇ ಕುಳಿತೆ. ಮಂಡಿಯ ಪೆಟ್ಟು ಮಾಗಿದ್ದರೂ ಭಯ ಹೋಗಿರಲಿಲ್ಲ. ಮರುದಿನದ ಪಂದ್ಯಕ್ಕೆ ಆಡುವವರ ಹೆಸರನ್ನು ಕೋಚ್ ಆ ಸಂಜೆಯೊಳಗೆ ಕೊಡಬೇಕಿತ್ತು.

ಕೋಚ್ ಅಕ್ಕ ಸೀಟಿಯನ್ನು ಬೆನ್ನಿಗೆ ಸರಿಸಿ, ಚಪ್ಪಲಿಯಿಂದ ಮರಳಿನಲ್ಲಿ ಗೆರೆ ಎಳೆದರು. "ಬಾರೆ, ನನ್ನ ಮುಟ್ಬುಟ್ಟು ವಾಪಸ್ ಹೋಗು."

"ಜನ ನೋಡ್ತಾವ್ರಕ್ಕಾ."

"ನೋಡ್ಲಿ. ಅವ್ರೂ ಊರು ನೋಡಕ್ಕೇ ಬಂದವ್ರೆ."

ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಗೆರೆ ದಾಟಿದೆ. ಮುಟ್ಟಿದ ಕೂಡಲೇ ಅವರು ಪೆಟ್ಟಾಗಿದ್ದ ಕಾಲನ್ನೇ ಹಿಡಿದರು. ಅದೇ ಕಾಲನ್ನು ಝಾಡಿಸಿ ಬಿಡಿಸಿಕೊಂಡು ಗೆರೆಯ ಈಚೆ ಬಿದ್ದೆ.

"ಅಕ್ಕಾ, ನನ್ನೆಸ್ರೂ ಕೊಡಿ."

ಅವರು ಬಾಯಿಗೆ ಹೊಕ್ಕ ಮರಳನ್ನು ಉಗುಳಿದರು. "ಬೆಳಿಗ್ಗೇನೇ ಕೊಟ್ಟಾಯ್ತು ಕಣೇ."