ಮುತ್ತುಗ ಚಿಗುರುವವರೆಗೆ

ಮುತ್ತುಗದ ಹೂ ಕಂಡರೆ ನನಗೆ ಆಗುವುದಿಲ್ಲ. ಶಿವರಾತ್ರಿ ಕಳೆದು ಮಾಗಡಿ ರಸ್ತೆಯ ಕಾಡಿನಂಚಿನಲ್ಲಿ ಅದು ಕೆಂಪಗೆ ಅರಳಿದಾಗ ಜನ ಕಾರು ನಿಲ್ಲಿಸಿ ಫೋಟೊ ಹೊಡೆದುಕೊಳ್ಳುತ್ತಾರೆ. ಹೊಡೆದುಕೊಳ್ಳಲಿ, ಅವರಿಗೇನು! ನಾನು ಬಸ್ಸಿನಲ್ಲಿ ಇನ್ನೊಂದು ಕಿಟಕಿಯ ಕಡೆ ತಿರುಗಿ ಕೂರುತ್ತೇನೆ.

ಚಿಕ್ಕವಳಿದ್ದಾಗ ಹೀಗಿರಲಿಲ್ಲ. ಉದುರಿದ ಹೂವನ್ನು ಅವ್ವ ಮಡಿಲಲ್ಲಿ ತುಂಬಿಕೊಂಡು ಬಂದು ಹಂಡೆಯ ನೀರಿಗೆ ಹಾಕುತ್ತಿದ್ದಳು. ಬೆಳಗಾಗುವಷ್ಟರಲ್ಲಿ ನೀರು ಕೇಸರಿ. ಬೆವರುಸಾಲೆ ಎದ್ದ ಬೆನ್ನಿಗೆ ಅದರದೇ ಸ್ನಾನ, ಓಕುಳಿಗೂ ಅದೇ ಬಣ್ಣ. ಮೂತ್ರ ಕಟ್ಟಿದರೆ ಬೇಯಿಸಿದ ಹೂವನ್ನು ಬಟ್ಟೆಯಲ್ಲಿ ಸುತ್ತಿ ಕಿಬ್ಬೊಟ್ಟೆಗೆ ಶಾಖ ಕೊಡುತ್ತಿದ್ದಳು. ಅಪ್ಪ ರಾಮನಗರದ ಫಿಲೇಚರಿನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ. ದಿನವಿಡೀ ಬಿಸಿನೀರಲ್ಲಿ ಕೈ ಅದ್ದಿ ಬೆರಳ ಸಂದಿಯೆಲ್ಲ ಹುಣ್ಣು. ಸಂಜೆ ಬಂದವನೇ ಹೂವಿನ ನೀರಲ್ಲಿ ಕೈ ಇಟ್ಟುಕೊಂಡು, “ಅಬ್ಬಾ, ಈಗ ಜೀವ ಬಂತು” ಎನ್ನುತ್ತಿದ್ದ.

ಒಂದು ದಿನ ಕೆಲಸಕ್ಕೆಂದು ಬಸ್ಸು ಹತ್ತಿದವನು ಫಿಲೇಚರಿಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಪೊಲೀಸರು, ಆಸ್ಪತ್ರೆಗಳು, ಶಾಸ್ತ್ರ ಹೇಳುವವರು, ಎಲ್ಲ ಆಯಿತು. ವರ್ಷಗಳು ಕಳೆದರೂ ಅವ್ವ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಅಂಗಳದಲ್ಲಿ ಚಪ್ಪಲಿ ಸದ್ದಾದರೆ ಒಲೆ ಬಿಟ್ಟು ಓಡಿ ಬರುತ್ತಿದ್ದಳು. ಸುಳ್ಳೇಕೆ, ನಾನೂ ಬರುತ್ತಿದ್ದೆ.

ಹೆಣ ಸಿಗದವರಿಗೆ ಹಸಿ ಮುತ್ತುಗದ ಎಲೆಯಲ್ಲಿ ಆಳಿನ ಆಕಾರ ಮಾಡಿ, ಅದನ್ನೇ ಸುಟ್ಟು, ಹಾಲು-ತುಪ್ಪ ಬಿಡುವ ಪದ್ಧತಿಯಿದೆ. ಹೋದ ವರ್ಷ ದೊಡ್ಡಪ್ಪನ ಸೊಸೆಗೆ ಮತ್ತೆ ಗರ್ಭ ನಿಲ್ಲಲಿಲ್ಲ. ಶಾಸ್ತ್ರದವರು ಅಲೆಯುವ ಜೀವದ ಕಾಟ ಎಂದರಂತೆ. ದೊಡ್ಡಪ್ಪ ಪೂಜೆಯ ಅಯ್ನೋರನ್ನು ಕರೆದುಕೊಂಡು ನಮ್ಮ ಮನೆಗೇ ಬಂದ.

“ನನ್ ತಮ್ಮ ದಿಕ್ಕಿಲ್ದಂಗೆ ಅಲೀತಾವ್ನೆ ಕಣವ್ವ. ಒಂದ್ ದಾರಿ ಮಾಡ್ಬುಡಾನ,” ಎಂದ.

ಅವ್ವ ಹಿತ್ತಲ ಬೇಲಿಯಾಚೆಯ ಮರ ತೋರಿಸಿದಳು. “ಎಲೆ ಎಲ್ಲೈತೆ ಭಾವ? ಬರೀ ಹೂವ. ಎಲೆ ಬರ್ಲಿ ಬುಡಿ.”

ಮುತ್ತುಗ ಹೂ ಬಿಡುವಾಗ ಮರದಲ್ಲಿ ಎಲೆಯೇ ಇರುವುದಿಲ್ಲ. ಒಣಗಿದ್ದು ಆಗದು ಎಂದು ಅಯ್ನೋರೂ ತಲೆಯಾಡಿಸಿದರು. ಅಂತೂ ಹೂವಿರುವಷ್ಟು ದಿನ ಅಪ್ಪನಿಗೆ ಆಯಸ್ಸು ಎಂದಾಯಿತು.

ಆ ದಿನಗಳಲ್ಲಿ ನಮ್ಮದು ಮನೆಯಾಗಿರಲಿಲ್ಲ. ಬೆಳಗಾದರೆ ಅವ್ವ ಮರದ ಬುಡದಲ್ಲಿ ಕತ್ತೆತ್ತಿ ನಿಂತಿರುತ್ತಿದ್ದಳು. ಸಂಜೆಗೆ ಬೋಗುಣಿಯಲ್ಲಿ ಹೂವಿನ ನೀರು ತುಂಬಿ ಜಗುಲಿಯ ಮೇಲೆ ಇಡುವಳು. ಒಂದು ಬೆಳಗ್ಗೆ ಜಗುಲಿಯ ತುಂಬ ಕೇಸರಿ ಹನಿಗಳು.

“ಬೆಕ್ಕು ಕುಡ್ದಿರ್ತದೆ ಬುಡವ್ವ,” ಎಂದೆ.

“ಬೆಕ್ಕು ಕೈ ಒದರ್ತದಾ?” ಎಂದಳು.

ಅವಳು ಸೆರಗಿನಿಂದ ಹನಿಗಳನ್ನು ಒರೆಸಿ ಒಳಗೆ ಹೋದಳು. ಆಮೇಲೆ ನನಗೆ ಜಗುಲಿಯಲ್ಲಿ ಒಬ್ಬಳೇ ಕೂರಲು ಹೆದರಿಕೆ. ಹೆತ್ತ ಅಪ್ಪನಿಗೇ ಹೆದರುವುದೆಂದರೆ ಎಂಥ ಕರ್ಮ!

ಯುಗಾದಿ ಕಳೆದು ಚಿಗುರು ಬಂತು, ಬಲಿಯಿತು. ದೊಡ್ಡಪ್ಪ ಎಲೆ ಕೊಯ್ಯುವಾಗ ಅವ್ವ ಬೇಲಿಯ ಈಚೆಯಿಂದಲೇ ಕೂಗಿದಳು: “ನಿಮ್ ತಮ್ಮನ್ನ ಸುಡಾಕೆ ಅಷ್ಟ್ ಅರ್ಜೆಂಟಾ?”

“ನಂಗೇನ್ ಖುಸಿನೇನವ್ವ? ಹೆಗಲ ಮ್ಯಾಲೆ ಹೊತ್ಕೊಂಡ್ ಆಡ್ಸಿದ್ ಮಗಾ ಅದು,” ಎಂದು ಆತ ಕೊಂಬೆ ಹಿಡಿದುಕೊಂಡೇ ಅತ್ತ.

ಶಾಸ್ತ್ರ ನಮ್ಮದೇ ಹೊಲದ ಮೂಲೆಯಲ್ಲಿ. ತಾನು ಬರುವುದಿಲ್ಲ ಎಂದಿದ್ದಳು ಅವ್ವ. ಅಯ್ನೋರು ದರ್ಭೆಯ ಮೇಲೆ ಎಲೆ ಜೋಡಿಸಿ ತಲೆ, ಎದೆ, ಕಾಲು ಎಲ್ಲ ಮಾಡಿ ಮುಗಿಸುವಾಗ ನೋಡಿದರೆ ಅವಳು ನನ್ನ ಹಿಂದೆಯೇ ನಿಂತಿದ್ದಾಳೆ. ಅವಳು ಹತ್ತಿರ ಹೋಗಿ ಬಹಳ ಹೊತ್ತು ಅದನ್ನೇ ನೋಡಿದಳು.

“ಅವ್ರು ಇಷ್ಟ್ ಕುಳ್ಳ ಇರ್ನಿಲ್ಲ,” ಎಂದಳು.

ಅಯ್ನೋರು ಬಾಯಿ ತೆರೆಯುವಷ್ಟರಲ್ಲಿ ನೆಲಕ್ಕೆ ಕೂತು, ಉಳಿದ ಎಲೆಗಳನ್ನು ಒಂದೊಂದಾಗಿ ಕಾಲಿನ ಕಡೆ ಸೇರಿಸಿದಳು. ಒಮ್ಮೆ ಎದ್ದು ನಿಂತು ನೋಡಿದಳು. ಮತ್ತೆ ಕೂತು ಇನ್ನೂ ಒಂದು ಇಟ್ಟಳು.

“ಹ್ಞೂಂ, ಈಗ ಅವ್ರೇ,” ಎಂದಳು. “ಹಚ್ಚಿ ಭಾವ.”